ಕೆಳಮನೆಯ ನೀರು

ನಾಲೆಗೆ ಮೊದಲ ಸಲ ನೀರು ಬಿಟ್ಟ ದಿನ ನಮ್ಮ ಮಾವ ಮಡಿ ಪಂಚೆ ಉಟ್ಟು, ಹೂವು, ಹಣ್ಣು, ಅರಿಶಿನ, ಕುಂಕುಮ ಹಿಡಿದುಕೊಂಡು ಏರಿಯ ಮೇಲೆ ಬೆಳಗಿನಿಂದಲೇ ಕಾದು ನಿಂತಿದ್ದರು. ನೀರು ಬಂತು. ಕಾಫಿ ಬಣ್ಣದ ನೀರು, ಅದರ ಮುಂದೆ ಕಸಕಡ್ಡಿ, ಯಾರದೋ ಹರಿದ ಚಪ್ಪಲಿ. ಮಾವ ಪೂಜೆ ಮಾಡಿ, ಬೊಗಸೆಯಲ್ಲಿ ಎತ್ತಿ ಕುಡಿದೇಬಿಟ್ಟರು. ಬೇಡ ಮಾವ, ಭೇದಿಯಾಗುತ್ತದೆ ಎಂದೆ. ನನ್ನ ಮಾತು ಅವರ ಕಿವಿಗೇ ಬೀಳಲಿಲ್ಲ. ಹುಟ್ಟಿದಾಗಿನಿಂದ ನಮ್ಮ ಮೇಲ್ಹೊಲದಲ್ಲಿ ರಾಗಿ, ಹುರುಳಿ ಬಿತ್ತಿ ಮೋಡ ನೋಡುತ್ತಾ ಕೂತಿದ್ದ ಮನುಷ್ಯ. ಅವರು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅದೇ ನೀರು ನನ್ನ ಮಗಳ ಉಸಿರು ಕಟ್ಟಿಸುತ್ತದೆ ಅಂತ ನಮಗೆ ಯಾರಿಗೆ ತಾನೇ ಗೊತ್ತಿತ್ತು?

ನಾನು ನಂಜನಗೂಡು ಪೇಟೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ಲಗ್ನವಾಗಿ ತಿ. ನರಸೀಪುರದ ಕಡೆಯ ಈ ಹಳ್ಳಿಗೆ ಬಂದಾಗ ಮನೆಗಿನ್ನೂ ಹೊಸ ಸುಣ್ಣದ ವಾಸನೆ ಇತ್ತು. ಅತ್ತೆ ಆಗಲೇ ತೀರಿಹೋಗಿದ್ದರು. ಇದ್ದದ್ದು ಮಾವ, ನಮ್ಮ ಮನೆಯವರು, ನಾನು, ಆಮೇಲೆ ಹುಟ್ಟಿದ ಒಬ್ಬಳು ಮಗಳು. ಮನೆ ಇದ್ದದ್ದು ಇಳಿಜಾರಿನಲ್ಲಿ. ಬೆನ್ನಿಗೆ ಮೇಲ್ಹೊಲ, ಮುಂದೆ ಓಣಿ, ಓಣಿಯಾಚೆ ಹಳ್ಳ. ತಗ್ಗಿಗೆ ಮಣ್ಣು ತುಂಬಿಸಿ ಮಟ್ಟ ಮಾಡುವ ಬದಲು ಮಾವ ಅಲ್ಲಿ ದೊಡ್ಡದೊಂದು ಕೋಣೆ ಕಟ್ಟಿಸಿ, ಅದರ ತಲೆಯ ಮೇಲೆ ಮನೆ ಎಬ್ಬಿಸಿದ್ದರು. ಅವರ ಅಪ್ಪನ ಕಾಲದಲ್ಲಿ ಅಂಗಳದಲ್ಲಿ ಹಗೇವು ಇತ್ತಂತೆ. ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಒಂದು ಕಾಳೂ ಕೆಡುತ್ತಿರಲಿಲ್ಲವಂತೆ. ನೆಲದೊಳಗಿಟ್ಟದ್ದು ಭದ್ರ ಎನ್ನುವ ಆ ನಂಬಿಕೆಯ ಮೇಲೇ ಈ ಕೋಣೆ ಕಟ್ಟಿದ್ದು. ಮುಂದುಗಡೆ ಮೆಟ್ಟಿಲ ಪಕ್ಕ ಒಂದು ಸಣ್ಣ ಬಾಗಿಲು, ಮಿಕ್ಕ ಮೂರು ಗೋಡೆಯೂ ಮಣ್ಣಿನೊಳಗೆ. ನಾವು ಅದನ್ನು ಕೆಳಮನೆ ಅನ್ನುತ್ತಿದ್ದೆವು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿಕೊಂಡು ಮಲಗಿದರೆ ಏಳಲು ಮನಸ್ಸು ಬರುತ್ತಿರಲಿಲ್ಲ.

ನಾಲೆ ಬಂದ ವರ್ಷ ಊರವರೆಲ್ಲ ಹೊಲವನ್ನು ಗದ್ದೆ ಮಾಡಿದರು. ಕೆರೆ ಕೆಳಗಿನ ಗದ್ದೆಗಳನ್ನು ಮಟ್ಟ ಮಾಡಲು ಸುತ್ತಲಿನವರು ಮೊದಲಿನಿಂದಲೂ ನಮ್ಮ ಮಾವನನ್ನೇ ಕರೆಯುತ್ತಿದ್ದದ್ದು. ಕೆಸರಿನ ಮೇಲೆ ಹಲಗೆ ಎಳೆದು ಅವರು ಮಟ್ಟ ಮಾಡಿದ ಗದ್ದೆಯಲ್ಲಿ ಈ ಬದುವಿನಿಂದ ಆ ಬದುವಿನವರೆಗೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತಿತ್ತು. ಈಗ ಅವರ ಸ್ವಂತ ಮೇಲ್ಹೊಲಕ್ಕೇ ನೀರು. ಎತ್ತಿನ ಜೊತೆ ತಾವೂ ಎತ್ತಾಗಿ ದುಡಿದರು. ನಾಟಿ ಮುಗಿದು ಸ್ವಲ್ಪ ದಿನಕ್ಕೆ ಈರುಳ್ಳಿ ತರಲು ಕೆಳಮನೆಗೆ ಇಳಿದ ನನ್ನ ಕಾಲಿಗೆ ತಣ್ಣಗೆ ಏನೋ ತಾಗಿತು. ಕೊಡ ಉರುಳಿರಬೇಕು ಅಂದುಕೊಂಡೆ. ದೀಪ ಹಾಕಿ ನೋಡಿದರೆ ಹಿಂದಿನ ಗೋಡೆ ಪೂರ್ತಿ ಬೆವರುತ್ತಿತ್ತು. ಗೋಡೆಯ ಬುಡದಲ್ಲಿ ನೀರು ಸದ್ದಿಲ್ಲದೆ ಜಿನುಗುತ್ತಿತ್ತು.

ಮೊದಲ ವರ್ಷ ಅದನ್ನು ಬಿಂದಿಗೆಯಲ್ಲಿ ಮೊಗೆದು ಮೊಗೆದು ಓಣಿಗೆ ಚೆಲ್ಲಿದೆ. ನನ್ನ ಸೊಂಟ ಬಿದ್ದುಹೋಯಿತು. ಸುಗ್ಗಿ ಮುಗಿದು ನಾಲೆ ನಿಂತ ಮೇಲೆ ಕೆಳಮನೆ ತಾನೇ ಒಣಗಿತು. ಬೇಸಿಗೆಯಲ್ಲಿ ನಮ್ಮ ಮನೆಯವರು ಒಳಗಡೆಯಿಂದ ಗೋಡೆಗೆಲ್ಲ ಸಿಮೆಂಟು ಬಳಿಸಿದರು. ಅವರು ತಾಂಡ್ಯದ ಫ್ಯಾಕ್ಟರಿಗಳಿಗೆ ಟೆಂಪೋ ಓಡಿಸುತ್ತಿದ್ದವರು, ಯಾರೋ ಡಬ್ಬಿಯಲ್ಲಿ ಬರುವ ಔಷಧಿ ಬೆರೆಸಿ ಬಳಿಯಿರಿ ಎಂದಿದ್ದರಂತೆ. ಎರಡನೇ ವರ್ಷ ನೀರು ಬಿಟ್ಟರು. ಆ ಸಿಮೆಂಟು ಹಪ್ಪಳದ ಹಾಗೆ ಎದ್ದು ಬಿತ್ತು. ನೀರಲ್ಲಿ ಹೋಮ ಮಾಡಿದಂತಾಯಿತು.

ಈ ಸಲ ತೇವ ಕೆಳಮನೆಯಲ್ಲಿ ನಿಲ್ಲಲಿಲ್ಲ. ಗೋಡೆ ಹಿಡಿದು ಮೇಲಕ್ಕೆ ಹತ್ತಿತು. ನಾವು ಮಲಗುವ ಕೋಣೆಯ ಗೋಡೆಯಲ್ಲಿ ಕಪ್ಪು ಬೂಷ್ಟು. ಬೀರುವಿನೊಳಗಿನ ನನ್ನ ರೇಷ್ಮೆ ಸೀರೆಗೂ ಬೂಷ್ಟು. ಹಾಳಾಗಲಿ, ಸೀರೆ ಹೋದರೆ ಹೋಗಲಿ. ಆದರೆ ಮಗಳಿಗೆ ಕೆಮ್ಮು ಹಿಡಿಯಿತು. ಅವಳಿನ್ನೂ ಅಂಗನವಾಡಿಗೆ ಹೋಗುವ ಕೂಸು. ಕೆಮ್ಮು ಹೋಗಿ ಉಬ್ಬಸವಾಯಿತು. ಉಸಿರು ಎಳೆದರೆ ಎದೆಯೊಳಗೆ ಪೀಪಿ ಊದಿದ ಸದ್ದು. ಮಲಗಿಸಿದರೆ ಎದ್ದು ಕೂರುತ್ತಿದ್ದಳು, ಕೂತರೆ ಮುಂದಕ್ಕೆ ಬಾಗಿ ಎರಡೂ ಕೈ ಊರಿಕೊಳ್ಳುತ್ತಿದ್ದಳು. ಮಾವ ಅವಳ ಹಿಂದೆ ಕೂತು ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದರು. ಆ ಸದ್ದು ಅವರ ಕೈಗೆ ಗೊತ್ತಾಗುತ್ತಿತ್ತು. ಕಡಿಮೆ ಆಯ್ತಾ ಮಾವ ಎಂದು ನಾನು ಕೇಳುವುದು, ಅವರು ತಲೆ ಅಲ್ಲಾಡಿಸುವುದು. ಎಷ್ಟೋ ಸಂಜೆಗಳು ಹೀಗೇ ಕಳೆದವು.

ನಂಜನಗೂಡಿನ ಡಾಕ್ಟರು ಔಷಧಿ ಕೊಟ್ಟರು, ಆಮೇಲೆ ಮನೆ ಹೇಗಿದೆ ಎಂದು ಕೇಳಿದರು. ಹೇಳಿದೆ. ಔಷಧಿಯಿಂದ ಅರ್ಧ ಕೆಲಸ, ಮನೆ ಒಣಗದಿದ್ದರೆ ಮಗು ಒಣಗುತ್ತದೆ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ನಮ್ಮಮ್ಮ ಗುಡಿಯಲ್ಲಿ ಉರುಳು ಸೇವೆಗೆ ಹರಕೆ ಹೊತ್ತಳು, ಕೂಸನ್ನು ಇಲ್ಲೇ ಬಿಟ್ಟು ಹೋಗು ಎಂದಳು. ಬಿಟ್ಟು ಬಂದೆ. ಅಲ್ಲಿ ಒಂದು ವಾರದಲ್ಲಿ ಅವಳ ಎದೆ ತಿಳಿಯಾಯಿತು. ಆದರೆ ಅಲ್ಲಿರುವುದಾದರೂ ಎಷ್ಟು ಕಾಲ? ಅಣ್ಣನದು ಅಂಗಡಿ ಹಿಂದಿನ ಒಂದೇ ಕೋಣೆ, ಅತ್ತಿಗೆ ಹಸಿ ಬಾಣಂತಿ. ಕೂಸು ಬಾಗಿಲಲ್ಲೇ ಕೂತು, ಹೋಗುವ ಬರುವ ಬಸ್ಸು ನೋಡಿ ತಾತ ತಾತ ಎಂದು ಅಳುತ್ತಿದ್ದಳಂತೆ. ಅನ್ನ ಬಿಟ್ಟು ಕಡ್ಡಿಯಂತಾದಳು. ಬಾಡಿಗೆಗೆ ಬೇರೆ ಮನೆ ಹಿಡಿಯೋಣ ಎಂದರೆ ನಮ್ಮ ಮನೆಯವರು ಕೇಳಿಸದವರ ಹಾಗೆ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತರು. ಕೈಯಲ್ಲಿದ್ದುದನ್ನೆಲ್ಲ ಈ ಮನೆಗೇ ಸುರಿದಾಗಿತ್ತು.

ಬಂದು ನೋಡಿದ ಗಾರೆಯವನು ಒಳಗೆ ಏನು ಬಳಿದರೂ ದಂಡ ಎಂದ. ಹೊರಗಿನ ನೀರನ್ನು ಹೊರಗೇ ಹಿಡಿದು ಸಾಗಹಾಕಬೇಕು. ಮೂರು ಗೋಡೆಯ ಬುಡದ ಗುಂಟ, ಕೆಳಮನೆಯ ನೆಲಕ್ಕಿಂತ ಕೆಳಗೆ ಹೋಗುವಂತೆ ಚರಂಡಿ ತೋಡಿ, ತೂತು ಮಾಡಿದ ಪೈಪು ಮಲಗಿಸಿ, ಸುತ್ತ ಜಲ್ಲಿ ತುಂಬಿ, ಓಣಿಯ ಕೆಳಗಿನಿಂದ ಹಳ್ಳಕ್ಕೆ ಬಿಡಬೇಕು. ಇಷ್ಟು ಹೇಳಿ ಅವನು ಯಾವುದೋ ಕಲ್ಯಾಣ ಮಂಟಪದ ಕೆಲಸಕ್ಕೆ ಹೊರಟುಹೋದ. ಕೂಲಿಗೆ ಜನ ಸಿಗಲಿಲ್ಲ, ಊರಿಗೆ ಊರೇ ಗದ್ದೆಯಲ್ಲಿತ್ತು. ಮಾವ ಹಿತ್ತಲಿಂದ ಹಾರೆ, ಪಿಕಾಸಿ, ಸನಿಕೆ ತಂದು ಅಂಗಳದಲ್ಲಿ ಹಾಕಿದರು. ನಾವೇ ತೋಡೋದು ಕಣವ್ವ ಎಂದರು.

ತೋಡುವುದು ಎಂದರೆ ಏನು ಅಂದುಕೊಂಡಿರಿ? ಹಿಂದಿನ ಗೋಡೆಯ ಕಡೆ ನನ್ನ ತಲೆ ಮುಳುಗುವಷ್ಟು ಆಳ. ಮೇಲಿನ ಮಣ್ಣು ಗಟ್ಟಿ, ಹಾರೆ ಹಾಕಿದರೆ ಕೈಯೇ ನಡುಗುತ್ತಿತ್ತು. ಒಂದಾಳು ಕೆಳಗೆ ಹೋದರೆ ಅದೇ ಮಣ್ಣು ನೀರು ಕುಡಿದು ಅಂಬಲಿ. ಮಾವ ಅಗೆಯುವುದು, ನಾನು ಬಾಂಡ್ಲಿಗೆ ತುಂಬಿ ಮೇಲಕ್ಕೆ ಎತ್ತುವುದು, ಟೆಂಪೋ ಬಾಡಿಗೆ ಇಲ್ಲದ ದಿನ ನಮ್ಮ ಮನೆಯವರೂ ಇಳಿಯುವುದು. ಒಂದೇ ಸಲಕ್ಕೆ ಪೂರ್ತಿ ತೋಡಿದರೆ ಗೋಡೆಯೇ ಮಲಗಬಹುದೆಂದು ತುಂಡು ತುಂಡಾಗಿ ತೋಡಿದೆವು. ಒಂದು ಮಧ್ಯಾಹ್ನ ಹೊಲದ ಕಡೆಯ ಮಣ್ಣು ಕುಸಿದು ಮಾವ ಸೊಂಟದವರೆಗೂ ಹೂತುಹೋದರು. ಕೈಯಲ್ಲೇ ಕೆರೆದು ಕೆರೆದು ಎಳೆದುಕೊಂಡೆ. ಅವರು ಕೂತು ಒಂದು ಬೀಡಿ ಸೇದಿ ಮತ್ತೆ ಇಳಿದರು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ, ಕೂಸು ನಂಜನಗೂಡಿನಲ್ಲಿ ಬಸ್ಸು ನೋಡುತ್ತಾ ಕೂತಿತ್ತಲ್ಲ.

ಮುಂದಿನ ಮೂಲೆಯಲ್ಲಿ, ಓಣಿಯ ಹತ್ತಿರ, ಒಂದು ಬಂಡೆ ಸಿಕ್ಕಿತು. ಸುತ್ತಿಗೆಗೆ ಜಗ್ಗಲಿಲ್ಲ. ಆಗ ಮಾವ ಮಾಡಿದ್ದನ್ನು ಗದ್ದೆಯವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆ ಬಂಡೆಯ ನೆತ್ತಿಯನ್ನೇ ಲೆಕ್ಕಕ್ಕಿಟ್ಟುಕೊಂಡು ಇಡೀ ಚರಂಡಿಯ ತಳವನ್ನು ಅದರ ಎತ್ತರಕ್ಕೆ ತಂದರು. ತಗ್ಗಿದ್ದ ಕಡೆಯೆಲ್ಲ ಜೇಡಿಮಣ್ಣು ಹಾಕಿ, ನೀರು ಬಿಟ್ಟು, ಕಾಲಲ್ಲಿ ತುಳಿದು ತುಳಿದು ಬೆಣ್ಣೆಯಂತೆ ಮಾಡಿ, ಚಿಕ್ಕದೊಂದು ಹಲಗೆಯಿಂದ ಸವರಿದರು. ಕೊನೆಗೆ ನಾಲ್ಕು ಬಿಂದಿಗೆ ನೀರು ಹೊಯ್ದು ಆ ತುದಿಯಲ್ಲೊಮ್ಮೆ, ಈ ತುದಿಯಲ್ಲೊಮ್ಮೆ ಬೆರಳು ಅದ್ದಿ ತೋರಿಸಿದರು. ಎರಡೂ ಕಡೆ ಬೆರಳಿನ ಒಂದೇ ಗೆಣ್ಣಿಗೆ ನೀರು. "ಈ ಕೈಲಿ ಮಟ್ಟ ತಪ್ಪಕಿಲ್ಲ ಕಣವ್ವ," ಎಂದರು. ಓಣಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡಿ ಭಲೇ ಎಂದರು. ನಾನೂ ಎಂದೆ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ?

ನಮ್ಮ ಮನೆಯವರು ಫ್ಯಾಕ್ಟರಿಯವರು ಬೇಡವೆಂದು ಎಸೆದಿದ್ದ ಪೈಪುಗಳನ್ನು ಕೇಳಿ ತಂದಿದ್ದರು. ಒಲೆಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಿ ತೂತು ಸುಟ್ಟೆ. ಆ ಪ್ಲಾಸ್ಟಿಕ್ಕಿನ ಹೊಗೆಗೆ ಕಣ್ಣೆಲ್ಲ ಉರಿದುಹೋದವು. ಮಣ್ಣು ನುಗ್ಗದಿರಲೆಂದು ಹಳೆಯ ಸೊಳ್ಳೆಪರದೆ ಸುತ್ತಿದೆ. ಪೈಪು ಮಲಗಿಸಿ, ಜಲ್ಲಿ ತುಂಬಿ, ಮೇಲೆ ಮಣ್ಣು ಎಳೆದೆವು. ಮುಗಿಯಿತು ಎಂದು ನಾನು ಮರುದಿನದ ಮೊದಲ ಬಸ್ಸಿಗೇ ಹೋಗಿ ಕೂಸನ್ನು ಕರೆತಂದೆ. ತಾತನ ಹೆಗಲು ಬಿಟ್ಟು ಇಳಿಯಲಿಲ್ಲ ಅವಳು. ಹೊಸ ಚರಂಡಿಯ ಗುಂಟ ಅವಳನ್ನು ಹೊತ್ತುಕೊಂಡೇ ಹೋಗಿ ಮಾವ ಎಲ್ಲ ತೋರಿಸಿದರು.

ಮೂರನೇ ದಿನದ ಬೆಳಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಒಳಗಿನಿಂದ ಮಾವ ನನ್ನನ್ನು ಕೂಗಿದ ದನಿಗೇ ಎದ್ದು ಓಡಿದೆ. ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಸಿರು ಎಳೆದಾಗ ಪಕ್ಕೆಲುಬು ಒಳಕ್ಕೆ ಹೋಗುತ್ತಿತ್ತು. ಅಳಲೂ ಆಗುತ್ತಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಾಳೆ. ನಮ್ಮ ಮನೆಯವರು ಟೆಂಪೋ ತೆಗೆದುಕೊಂಡು ತಾಂಡ್ಯಕ್ಕೆ ಹೋಗಿಯಾಗಿತ್ತು. ಮಾವ ಅವಳನ್ನು ಎದೆಗೆ ಅವಚಿಕೊಂಡು ಟಾರ್ ರಸ್ತೆಗೆ ಓಡಿದರು, ನಾನು ಬರಿಗಾಲಲ್ಲಿ ಹಿಂದೆ. ಹಾಲಿನ ವ್ಯಾನಿಗೆ ಅಡ್ಡ ನಿಂತುಬಿಟ್ಟರು. ನರಸೀಪುರದ ಆಸ್ಪತ್ರೆ ಮುಟ್ಟುವವರೆಗೂ ಕ್ಯಾನುಗಳ ನಡುವೆ ಕೂತು, ಉಸಿರಾಡವ್ವ, ಉಸಿರಾಡು ನನ್ನವ್ವ ಎಂದು ಒಂದೇ ಸಮನೆ ಹೇಳುತ್ತಿದ್ದರು. ಆ ಹೊತ್ತಿನಲ್ಲಿ ನಾನು ದೇವರನ್ನು ನೆನೆಯಲಿಲ್ಲ. ಆ ಮನೆಯನ್ನು ಶಪಿಸಿದೆ. ಅದು ಬಿದ್ದುಹೋಗಲಿ, ಅದರ ಮೇಲೆ ಎಕ್ಕ ಹುಟ್ಟಲಿ ಎಂದು ಬಾಯಿಗೆ ಬಂದಂತೆ ಬೈದೆ. ಮೂಗಿಗೆ ಆಮ್ಲಜನಕ ಇಟ್ಟು, ಸೂಜಿ ಚುಚ್ಚಿದರು, ಮಧ್ಯಾಹ್ನದ ಹೊತ್ತಿಗೆ ಕೂಸು ನೀರು ಕೇಳಿತು.

ಅವಳನ್ನು ಮತ್ತೆ ಅಮ್ಮನ ಮನೆಗೆ ಬಿಟ್ಟು ಊರಿಗೆ ಬಂದವಳು ಮನೆಯೊಳಗೆ ಕಾಲಿಡಲಿಲ್ಲ, ನೆಟ್ಟಗೆ ಹಳ್ಳಕ್ಕಿಳಿದೆ. ಪೈಪಿನ ಬಾಯಿ ಒಣಗಿತ್ತು. ಅದರಲ್ಲಿ ಜೇಡವೊಂದು ಬಲೆ ಕಟ್ಟಿತ್ತು. ಮೇಲೆ ಬಂದು ಕೆಳಮನೆಯ ಬಾಗಿಲು ತೆಗೆದರೆ ಕಣಕಾಲುದ್ದ ನೀರು, ಎಂದಿಗಿಂತ ಜಾಸ್ತಿ. ಹಿಂದಿನ ಗೋಡೆಯ ಹತ್ತಿರ ಮಣ್ಣು ಕೆದಕಿದೆ. ಜಲ್ಲಿಯ ಮಧ್ಯೆ ನೀರು ತಣ್ಣಗೆ, ತೆಪ್ಪಗೆ ನಿಂತಿತ್ತು. ಆಗ ನನಗೆ ಅರ್ಥವಾಯಿತು. ಬಂಡೆಯ ನೆತ್ತಿ ಕೆಳಮನೆಯ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಅಷ್ಟೆತ್ತರಕ್ಕೆ ಕಟ್ಟೆ ಕಟ್ಟಿದ ಹಾಗೆ, ನೀರು ಎಲ್ಲಿಗೂ ಹೋಗದ ಹಾಗೆ, ಕೆಸರು ತುಳಿದು ಮಟ್ಟ ಮಾಡಿ ಇಟ್ಟಿದ್ದೆವು. ಮಾವ ಹಿಂದೆ ಬಂದು ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ಮನೆ ಸುತ್ತ ಗದ್ದೆ ಮಾಡಿಟ್ಟಿದ್ದೀರ ಮಾವ. ನನ್ನ ಕೂಸನ್ನ ಗದ್ದೆ ನೀರಲ್ಲಿ ಮಲಗ್ಸಿದ್ದೀರ," ಎಂದೆ.

ಅವರು ಕುಕ್ಕರುಗಾಲಲ್ಲಿ ಕೂತು ಆ ನೀರಿಗೆ ಬೆರಳು ಅದ್ದಿ ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ, "ಓಡೋ ನೀರ ನಿಲ್ಸೋದು ಕಲ್ತಿವ್ನಿ. ನಿಂತಿರೋ ನೀರ ಓಡ್ಸೋದ ನಂಗ್ಯಾರೂ ಕಲಿಸ್ನಿಲ್ಲ ಕಣವ್ವ," ಎಂದರು.

ಮತ್ತೆ ತೋಡಿದೆವು. ತುಂಬಿದ್ದ ಜಲ್ಲಿಯನ್ನು ಕೈಯಲ್ಲೇ ಎತ್ತಿ ಹಾಕಿದೆವು, ನನ್ನ ಉಗುರುಗಳು ಕಿತ್ತುಬಂದವು. ಬಂಡೆಯ ಮೇಲೆ ನಾನು ವರ್ಷಕ್ಕೆಂದು ಇಟ್ಟುಕೊಂಡಿದ್ದ ಹುಣಸೆ ಸೌದೆಯನ್ನೆಲ್ಲ ಮಾವ ಒಟ್ಟಿ ಬೆಂಕಿ ಹಾಕಿದರು, ಕಾದ ಕಲ್ಲಿನ ಮೇಲೆ ತಣ್ಣೀರು ಸುರಿದು ಸುತ್ತಿಗೆಯಲ್ಲಿ ಹೊಡೆದರು. ಪದರ ಪದರವಾಗಿ ಎದ್ದು ಬಂತು. ಈ ಸಲ ಇಳಿಜಾರಿನ ಉಸ್ತುವಾರಿ ನನ್ನದು. ಗಾರೆಯವನಿಂದ ಮಟ್ಟ ನೋಡುವ ಪಾರದರ್ಶಕ ಟ್ಯೂಬು ಇಸಕೊಂಡು ಬಂದು, ಅದರಲ್ಲಿ ನೀರು ತುಂಬಿ, ಎರಡು ತುದಿಯನ್ನೂ ಹಿಡಿದು ನೋಡಿ, ಗೂಟಗಳಿಗೆ ದಾರ ಕಟ್ಟಿ, ದಾರದಿಂದ ಇಷ್ಟು ಕೆಳಗೆ, ಇಲ್ಲಿ ಇನ್ನಷ್ಟು ಕೆಳಗೆ ಎಂದು ಹೇಳುತ್ತಾ ಹೋದೆ. ಪಾಪ, ಮಾವನ ಕೈ ಮಾತು ಕೇಳುತ್ತಿರಲಿಲ್ಲ. ಇಳಿಜಾರು ಮಾಡಿದ ಜಾಗವನ್ನೇ ಅವರಿಗೆ ಅರಿವಿಲ್ಲದೆ ಸವರಿ ಸವರಿ ಮಟ್ಟ ಮಾಡಿಬಿಡುತ್ತಿದ್ದರು. ನಾನು ರೇಗುತ್ತಿದ್ದೆ, ಅವರು ತಪ್ಪು ಮಾಡಿದ ಹುಡುಗನ ಹಾಗೆ ಮತ್ತೆ ಕೆರೆಯುತ್ತಿದ್ದರು.

ಪೈಪು ಮಲಗಿಸಿದ ದಿನವೇ ಹಳ್ಳದ ಕಡೆ ನೀರು ಬಿತ್ತು. ಕೆಳಮನೆಯ ನೀರು ಇಳಿದು ನೆಲ ಕಾಣಿಸಿತು. ನಾನು ಅಲ್ಲೇ ಕೂತು ಅತ್ತೆ. ಈ ಸಲ ಆತುರ ಪಡದೆ ಹದಿನೈದು ದಿನ ಕಾದು ಕೂಸನ್ನು ಕರೆತಂದೆ. ಆದರೆ ಪೈಪಿನ ಬಾಯಿಂದ ಮೊದಲ ದಿನ ಎಷ್ಟು ನೀರು ಬೀಳುತ್ತಿತ್ತೋ ಅಷ್ಟೇ ಬೀಳುತ್ತಿತ್ತು, ಹಗಲೂ ಇರುಳೂ. ನೆಲ ಒಣಗಿದರೂ ಗೋಡೆ ಒಣಗಲಿಲ್ಲ, ಬೂಷ್ಟು ಹೋಗಲಿಲ್ಲ. ಎರಡನೇ ಸಂಜೆ ಕೂಸು ಮುಂದಕ್ಕೆ ಬಾಗಿ ಎರಡು ಕೈ ಊರಿಕೊಂಡಿತು. ಮಾವ ಬೆನ್ನಿನ ಮೇಲೆ ಅಂಗೈ ಇಟ್ಟರು, ನನ್ನ ಕಡೆ ನೋಡಲಿಲ್ಲ. ನನಗೆ ಇನ್ನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ತೋಡಲು ಮಣ್ಣಿಲ್ಲ, ಹೊರಲು ಹರಕೆಯಿಲ್ಲ. ಈ ಕೂಸು ನಮಗೆ ದಕ್ಕುವುದಿಲ್ಲ ಎಂದು ಅವತ್ತು ನನ್ನ ಮನಸ್ಸು ಹೇಳಿಬಿಟ್ಟಿತು.

ನೀರು ಎಲ್ಲಿಂದ ಬರುತ್ತಿದೆ ಎಂದು ಮೂವರಿಗೂ ಗೊತ್ತಿತ್ತು. ನಾಲೆಗೆ ಸಿಮೆಂಟು ಹಾಸಿತ್ತು, ಅದು ಸೋರುತ್ತಿರಲಿಲ್ಲ. ನಾಲೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ನಮ್ಮ ಮೇಲ್ಹೊಲ ಒಂದೇ. ಮಾವ ಮಟ್ಟ ಮಾಡಿ, ಬದು ಹಾಕಿ, ಒಂದು ಹನಿ ಸೋರದ ಹಾಗೆ ನೀರು ನಿಲ್ಲಿಸಿದ ಗದ್ದೆ. ನಿಂತ ನೀರು ಕೆಳಕ್ಕೆ ಬಸಿದು ನಮ್ಮ ಗೋಡೆಗೆ ಬರುತ್ತಿತ್ತು. ಊಟಕ್ಕೆ ಕೂತಾಗ ನಾನು ಅದನ್ನು ಬಾಯಿಬಿಟ್ಟು ಹೇಳಿದೆ. ನಮ್ಮ ಮನೆಯವರು, ಭತ್ತ ಹೊಡೆ ಕಟ್ಟಿದೆ, ಇನ್ನೆರಡು ತಿಂಗಳು ತಡೆದರೆ ಕೊಯ್ಲು, ಅಲ್ಲಿಯವರೆಗೆ ಕೂಸನ್ನು ನಂಜನಗೂಡಿಗೆ ಬಿಡೋಣ ಎಂದರು. ಬರುವ ವರ್ಷ ಏನು ಮಾಡುತ್ತೀರಿ, ಅದರಾಚೆ ವರ್ಷ ಏನು ಮಾಡುತ್ತೀರಿ, ಇವಳು ನಮ್ಮ ಮಗಳೋ ನೆಂಟರ ಮಗಳೋ ಎಂದು ಕೇಳಿದೆ. ಮಾವ ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಕೈ ತೊಳೆದುಕೊಂಡರು.

ಬೆಳಗ್ಗೆ ಹಿತ್ತಲ ಬಾಗಿಲು ತೆರೆದಾಗ ಅವರು ಗುದ್ದಲಿ ಹಿಡಿದು ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದರು. ನೀರು ಕಟ್ಟಲು ಹೋಗುತ್ತಿದ್ದಾರೆ ಎಂದುಕೊಂಡು ನನಗೆ ಬೆಂಕಿ ಹತ್ತಿತು, ಹಿಂದೆಯೇ ಹೋದೆ. ಅವರು ನೇರ ನಾಲೆಯಿಂದ ನಮ್ಮ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಹೋಗಿ ಕೂತು, ಅದರ ಬಾಯಿಗೆ ಒಂದು ಕಲ್ಲು ಇಟ್ಟು, ಸಂದಿಗೆಲ್ಲ ಜೇಡಿಮಣ್ಣು ಮೆತ್ತಿ, ಅಂಗೈಯಲ್ಲಿ ತಟ್ಟಿದರು. ಆಮೇಲೆ ಮನೆಯಿಂದ ದೂರದ ಮೂಲೆಗೆ ನಡೆದು ತಾವೇ ಹಾಕಿದ ಬದುವನ್ನು ಕಡಿದರು. ಹೊಟ್ಟೆ ತುಂಬಿಕೊಂಡ ಹಸಿರು ಭತ್ತದ ಬುಡದಿಂದ ನೀರು ಹೊರಟು ಪಕ್ಕದ ಬಸಿಗಾಲುವೆಗೆ ಬಿತ್ತು. ಅದು ಪೂರ್ತಿ ಬರಿದಾಗುವವರೆಗೂ ಅವರು ಗುದ್ದಲಿ ಊರಿಕೊಂಡು ನಿಂತಿದ್ದರು. ನನಗೆ ಎದೆಯ ಮೇಲಿನ ಚಪ್ಪಡಿ ಎತ್ತಿದಂತಾಯಿತು, ಅವರ ಮುಖ ನೋಡಿ ಅಳುವೂ ಬಂತು. ಬನ್ನಿ ಮಾವ, ಕಾಫಿ ಆರಿಹೋಗುತ್ತೆ ಎಂದಷ್ಟೇ ಹೇಳಿದೆ.

ಮುದುಕನಿಗೆ ತಲೆ ಕೆಟ್ಟಿದೆ ಎಂದು ಊರವರು ಆಡಿಕೊಂಡರು. ಕಾಳು ಕಟ್ಟದೆ ಒಣಗಿದ ಭತ್ತವನ್ನು ಕೊಯ್ದು ದನಗಳಿಗೆ ಹಾಕಿದೆವು. ಹಳ್ಳದ ಕಡೆಯ ಪೈಪಿನಲ್ಲಿ ನೀರು ಸಣ್ಣಗಾಗುತ್ತಾ ಬಂದು, ಹನಿಯಾಗಿ, ಒಂದು ದಿನ ನಿಂತಿತು. ಗೋಡೆಯ ಬೂಷ್ಟು ಪುಡಿಯಾಗಿ ಉದುರಿತು, ನಾನು ಗುಡಿಸಿ ಎಸೆದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಮಾವ ಕೂಸಿನ ಬೆನ್ನಿನ ಮೇಲೆ ಅಂಗೈ ಇಟ್ಟರು. ಕೈ ಜರುಗಿಸಿ ಇನ್ನೊಂದು ಕಡೆ ಇಟ್ಟರು. ಕೊನೆಗೆ ಕಿವಿಯನ್ನೇ ಇಟ್ಟರು. "ಸದ್ದಿಲ್ಲ ಕಣವ್ವ," ಎಂದರು. ಕೂಸು ಕಚಗುಳಿಯಾಗುತ್ತೆ ತಾತ ಎಂದು ನಕ್ಕಿತು.

ಆ ಮೇಲ್ಹೊಲದಲ್ಲಿ ಅವರು ಮತ್ತೆ ರಾಗಿ, ಹುರುಳಿಯನ್ನೇ ಬಿತ್ತಿದರು, ಬದುಕಿದ್ದಷ್ಟು ಕಾಲವೂ. ಪ್ರತಿ ವರ್ಷ ನಾಲೆಗೆ ನೀರು ಬಿಟ್ಟ ದಿನ ಊರವರೆಲ್ಲ ತಮ್ಮ ತಮ್ಮ ತೂಬು ತೆಗೆಯಲು ಗುದ್ದಲಿ ಹಿಡಿದು ಹೋಗುತ್ತಿದ್ದರು. ನಮ್ಮ ಮಾವನೂ ಹೋಗುತ್ತಿದ್ದರು, ತಾವು ಇಟ್ಟ ಕಲ್ಲು ಜರುಗಿಲ್ಲ ತಾನೇ ಎಂದು ನೋಡಿ, ಇನ್ನೊಂದಿಷ್ಟು ಜೇಡಿಮಣ್ಣು ಮೆತ್ತಿ ಬರುತ್ತಿದ್ದರು.